ಸಾಮಾನಿನ ಡಬ್ಬಿಯಲ್ಲಿ ಒಂದು ಗಿಂಡಿ

ನಮ್ಮ ಕಾರಿನ ಸಾಮಾನಿನ ಡಬ್ಬಿಯಲ್ಲಿ ಇರುವುದು ಇಷ್ಟು: ನಾಲ್ಕು ಸ್ಪ್ಯಾನರು, ಒಂದು ಸ್ಕ್ರೂಡ್ರೈವರು, ಒಂದು ಇಕ್ಕಳ, ಹಳೆಯ ಪ್ಲಗ್ಗು ಎರಡು, ಒಂದು ಸುರುಳಿ ತಂತಿ, ಚಕ್ರಕ್ಕೆ ಅಡ್ಡ ಕೊಡಲು ಒಂದು ಮರದ ತುಂಡು, ಮತ್ತು ಒಂದು ಹಿತ್ತಾಳೆಯ ಗಿಂಡಿ. ಗಿಂಡಿಯ ಮೂತಿ ಸ್ವಲ್ಪ ಸೊಟ್ಟಗಾಗಿದೆ. ಹೊಟ್ಟೆಯ ಮೇಲೆ ಗ್ರೀಸಿನ ಬೆರಳಚ್ಚು ಇದೆ. ಅದು ನನ್ನದೇ ಬೆರಳು.

ಮೊನ್ನೆ ಚಾಮರಾಜನಗರದಲ್ಲಿ ಪಂಕ್ಚರ್ ಹಾಕಿಸುವಾಗ ಅಂಗಡಿಯಾತ ಸ್ಪ್ಯಾನರಿಗೆಂದು ಡಬ್ಬಿಗೆ ಕೈಹಾಕಿ ಗಿಂಡಿಯನ್ನು ಹೊರಗೆ ತೆಗೆದ. ತಿರುಗಿಸಿ ನೋಡಿ, "ಇದು ಪೂಜೆ ಸಾಮಾನಲ್ವೇನವ್ವ? ಇಲ್ಲಿಗ್ ಹೆಂಗ್ ಬಂತು?" ಎಂದ.

"ಅದೂ ಕಾರಿನ ಸಾಮಾನೇ," ಎಂದೆ.

ಆತ ಅದನ್ನು ಎರಡು ಕೈಯಲ್ಲಿ ಹಿಡಿದು, ಎಲ್ಲಿತ್ತೋ ಅಲ್ಲಿಗೇ ಇಟ್ಟ. ಮುಂದೆ ಕೇಳಲಿಲ್ಲ. ನಾನೂ ಹೇಳಲಿಲ್ಲ. ರಸ್ತೆಯ ಬದಿಯಲ್ಲಿ ನಿಂತು ಮನೆಯ ವಿಷಯ ಹೇಳುವುದು ನನಗೆ ಬರುವುದಿಲ್ಲ. ಬರೆಯುವುದಾದರೆ ಪರವಾಗಿಲ್ಲ, ಕೇಳುವವರ ಮುಖ ಎದುರಿಗಿರುವುದಿಲ್ಲ.

ಕಾರು ಗುಂಡ್ಲುಪೇಟೆಯ ನಮ್ಮ ಮನೆಗೆ ಬಂದಾಗ ನನಗೆ ಹನ್ನೆರಡು ವರ್ಷ. ನೀಲಗಿರಿಯಲ್ಲಿ ಟೀ ತೋಟವಿದ್ದ ದೊರೆಯೊಬ್ಬ ತನ್ನ ಸೀಮೆಗೆ ಹೊರಟಾಗ ಅಪ್ಪ ಅದನ್ನು ಕೊಂಡರು. ಕಪ್ಪು ಬಣ್ಣ, ಅಗಲ ಮುಖ, ಎರಡು ದೊಡ್ಡ ದೀಪ. ಅಜ್ಜಿ ಅದಕ್ಕೆ ಆರತಿ ಎತ್ತಿ, ವಿಭೂತಿ ಇಟ್ಟು, ಸುತ್ತ ಒಂದು ಸುತ್ತು ಬಂದು, "ಇದು ಎಲ್ಲಿಂದ ಮೇವು ತಿಂತದೆ?" ಎಂದು ಕೇಳಿದಳು. ಡ್ರೈವರ್ ಮಾದಪ್ಪಣ್ಣ ಹಿಂದುಗಡೆ ಪೆಟ್ರೋಲ್ ಹಾಕುವ ಕಡೆಯ ಮುಚ್ಚಳ ತಿರುಗಿಸಿ ತೋರಿಸಿದ.

"ಬಾಲದ ಪಕ್ಕ ಬಾಯಿ ಮಡಗವ್ರಲ್ಲ," ಎಂದಳು ಅಜ್ಜಿ.

ಎಲ್ಲರೂ ನಕ್ಕರು. ಆಮೇಲೆ ಮರೆತರು.

ಬೇಸಿಗೆಯ ರಜೆಯಲ್ಲಿ ನಾನು ಓದುತ್ತಿದ್ದದ್ದು ಆ ಕಾರಿನ ಹಿಂದಿನ ಸೀಟಿನಲ್ಲಿ. ಹಸುವಿನ ಕೊಟ್ಟಿಗೆಯ ಪಕ್ಕ ಹೆಂಚಿನ ಇಳಿಜಾರಿನ ಕೆಳಗೆ ಅದನ್ನು ನಿಲ್ಲಿಸುತ್ತಿದ್ದರು. ಬಾಗಿಲು ಹಾಕಿಕೊಂಡರೆ ಚರ್ಮದ ವಾಸನೆ, ಪೆಟ್ರೋಲಿನ ವಾಸನೆ, ಆಚೆಯಿಂದ ಸಗಣಿಯ ವಾಸನೆ. ಈಗಲೂ ಬೀಜಗಣಿತ ಎಂದರೆ ನನಗೆ ಆ ಮೂರೂ ವಾಸನೆ ನೆನಪಾಗುತ್ತವೆ. ಮನೆ ತುಂಬ ಜನರಿದ್ದ ನಮ್ಮಲ್ಲಿ ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ ಜಾಗ ಅದೊಂದೇ.

ಪೆಟ್ರೋಲ್ ಹಾಕುವ ದಿನ ಮಾತ್ರ ಮಾದಪ್ಪಣ್ಣ ನನ್ನನ್ನು ಹೊರಗೆ ಕರೆಯುತ್ತಿದ್ದ. ಆಲಿಕೆಯ ಬಾಯಿಗೆ ಒಂದು ಮೆತ್ತನೆಯ ಚರ್ಮದ ತುಂಡು ಹಾಸಿ ಅದರ ಮೇಲೆ ಪೆಟ್ರೋಲ್ ಸುರಿಯುತ್ತಿದ್ದ. ಪೆಟ್ರೋಲ್ ಚರ್ಮದೊಳಗಿಂದ ಇಳಿಯುತ್ತದೆ, ನೀರು ಇಳಿಯುವುದಿಲ್ಲ. ಆಲಿಕೆ ಹಿಡಿಯುವ ಕೆಲಸ ನನ್ನದು.

"ನೀರು ಒಂದ್ ತೊಟ್ಟೂ ಒಳೀಕ್ ಓಗ್ಬಾರ್ದು ಕಣವ್ವ. ನೀರ್ ಕುಡುದ್ರೆ ಇದಕ್ಕೆ ಕೆಮ್ಮು ಬತ್ತದೆ," ಎನ್ನುತ್ತಿದ್ದ. ಅಷ್ಟು ವರ್ಷದಲ್ಲಿ ಅವನು ಒಮ್ಮೆಯೂ ಆ ಚರ್ಮವಿಲ್ಲದೆ ಪೆಟ್ರೋಲ್ ಹಾಕಿದ್ದನ್ನು ನಾನು ನೋಡಿಲ್ಲ. ಈ ಮಾತನ್ನು ನೆನಪಿಟ್ಟುಕೊಳ್ಳಿ. ಮುಂದೆ ನಮ್ಮ ದಾರಿ ತಪ್ಪಿಸಿದ್ದು ಅವನ ಈ ಶಿಸ್ತೇ.

ಮೈಸೂರಿನಲ್ಲಿ ಬಿ.ಎಸ್ಸಿ. ಮುಗಿಸಿ ಬಂದ ಮೇಲೆ ಎಂಟು ತಿಂಗಳು ಮನೆಯಲ್ಲಿ ಕುಳಿತಿದ್ದೆ. ಪುಸ್ತಕಗಳಿಗೆ ಕಂದು ಕಾಗದದ ಹೊದಿಕೆ ಹಾಕಿದೆ. ಅವು ಮುಗಿದ ಮೇಲೆ ಅಪ್ಪನ ಪುಸ್ತಕಗಳಿಗೆ ಹಾಕಿದೆ. ಯಾರೂ ನನಗೆ ಏನೂ ಅನ್ನುತ್ತಿರಲಿಲ್ಲ. ಬೈದಿದ್ದರೆ ಎದುರು ಮಾತಾಡಬಹುದಿತ್ತು. ಒಂದು ದಿನ ಕೊಟ್ಟಿಗೆಯ ಕಡೆ ಹೋಗಿ, ಕಾರು ಓಡಿಸುವುದನ್ನು ಹೇಳಿಕೊಡಬೇಕೆಂದು ಮಾದಪ್ಪಣ್ಣನನ್ನು ಕೇಳಿದೆ. ಅವನು ಆಶ್ಚರ್ಯಪಡಲಿಲ್ಲ. "ಮೊದ್ಲು ಸೆರಗ ಸಿಗುಸ್ಕಳಿ," ಎಂದ.

ಓಡಿಸುವುದು ಹದಿನೈದು ದಿನದಲ್ಲಿ ಬಂತು. ಕಾರು ಕೆಟ್ಟು ನಿಂತರೆ ಏನು ಮಾಡಬೇಕೆಂಬುದು ಬರಲಿಲ್ಲ. ಮಾದಪ್ಪಣ್ಣನ ಪಾಠದಲ್ಲಿ ಅದೇ ದೊಡ್ಡದು. "ಓಡೋ ಕಾರ ಯಾರಾದ್ರೂ ಓಡಿಸ್ತಾರೆ. ನಿಂತೋದ್ ಕಾರ್ ಮುಂದೆ ಹೆಂಗ್ ನಿಂತ್ಕತೀರಿ ಅನ್ನೋದು ಕಣವ್ವ ಡ್ರೈವರ್‍ಕೆ." ಅವನ ಕ್ರಮ ಇದು: ಕಾರು ನಿಂತ ಕೂಡಲೇ ಏನನ್ನೂ ಮುಟ್ಟಬಾರದು. ಇಳಿದು, ಕೈ ಕಟ್ಟಿಕೊಂಡು, ಹತ್ತು ಎಣಿಸುವಷ್ಟು ಹೊತ್ತು ಸುಮ್ಮನೆ ನಿಲ್ಲಬೇಕು. ಆಮೇಲೆ ಮೂರು ಪ್ರಶ್ನೆ ಕೇಳಬೇಕು. ಬೆಂಕಿ ಅದಾ? ಎಣ್ಣೆ ಬತ್ತಾ ಅದಾ? ಉಸುರು ಆಡ್ತಾ ಅದಾ? ಬೆಂಕಿಯೆಂದರೆ ಪ್ಲಗ್ಗಿನ ಕಿಡಿ, ಎಣ್ಣೆಯೆಂದರೆ ಪೆಟ್ರೋಲು, ಉಸಿರೆಂದರೆ ಗಾಳಿ. ಕಾಲೇಜಿನಲ್ಲಿ ಎಂಜಿನ್ನಿನ ಚಿತ್ರವನ್ನು ನಾಲ್ಕು ಬಣ್ಣದಲ್ಲಿ ಬರೆದಿದ್ದ ನನಗೆ ಇದು ತೀರ ಸಣ್ಣ ಪಾಠವೆನಿಸಿತು. ಕೈ ಕಟ್ಟಿ ನಿಲ್ಲುವುದಂತೂ ಸಮಯ ದಂಡ ಎಂದುಕೊಂಡೆ. ನಾನು ಒಂದು ನೋಟುಪುಸ್ತಕ ಮಾಡಿದೆ. ಬ್ರೇಕು ಹಿಡಿಯದಿದ್ದರೆ ಒಂದು ಪುಟ, ಚಕ್ರ ಒಡೆದರೆ ಒಂದು ಪುಟ, ಹಾರ್ನು ನಿಲ್ಲದಿದ್ದರೆ ಒಂದು ಪುಟ. ಅಕ್ಷರ ದುಂಡಗಿತ್ತು. ಕೆಂಪು ಶಾಯಿಯ ಅಡಿಗೆರೆಗಳಿದ್ದವು.

ಬ್ರೇಕು ಹಿಡಿಯದೆ ಹೋದ ದಿನ ಆ ಪುಸ್ತಕ ಹಿಂದಿನ ಸೀಟಿನಲ್ಲಿತ್ತು. ಇಳಿಜಾರು, ಎದುರಿಗೆ ಎಮ್ಮೆಗಳು. ಪೆಡಲು ತುಳಿದರೆ ಕಾಲು ನೆಲದವರೆಗೂ ಇಳಿಯಿತು. ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ: ನಾನು ಕೇಳಿದ್ದು "ನೋಟ್ ಬುಕ್ ಎಲ್ಲಿ?" ಎಂದು.

"ಪುಸ್ತಕ ಆಮ್ಯಾಕೆ ಓದೀರಿ, ಗೇರ್ ಇಳಿಸಿ," ಎಂದ ಮಾದಪ್ಪಣ್ಣ. ದನಿ ಏರಿಸಲಿಲ್ಲ. ಮೂರರಿಂದ ಎರಡಕ್ಕೆ, ಎರಡರಿಂದ ಒಂದಕ್ಕೆ ಇಳಿಸಿದೆ. ಪೆಡಲನ್ನು ಮತ್ತೆ ಮತ್ತೆ ಒತ್ತಿದೆ. ಕೈಬ್ರೇಕು ಎಳೆದೆ. ಕಾರು ನಿಧಾನವಾಗಿ ರಸ್ತೆ ಬಿಟ್ಟು ಒಂದು ಹುಲ್ಲಿನ ಮೆದೆಯೊಳಗೆ ಮೂಗು ತೂರಿಸಿ ನಿಂತಿತು. ಮೆದೆಯ ಯಜಮಾನ ಬಂದು ಕಾರನ್ನು ನೋಡಿದ, ನನ್ನನ್ನು ನೋಡಿದ.

"ಎಷ್ಟ್ ಓದೀಯವ್ವ?"

"ಬಿ.ಎಸ್ಸಿ."

"ಅದಕೇಯ, ಸರ್‍ಯಾಗಿ ನಡುಮಧ್ಯಕೇ ಗುದ್ದೀಯೆ."

ಆ ನೋಟುಪುಸ್ತಕ ಮುಂದೆ ಒಲೆ ಹಚ್ಚಲು ಹೋಗಲಿಲ್ಲ. ನಾನು ಅಷ್ಟು ದೊಡ್ಡ ಮನಸ್ಸಿನವಳಲ್ಲ. ಬ್ರೇಕಿನ ಪುಟಕ್ಕೆ "ಎಮ್ಮೆಗಳಿದ್ದರೆ ಮೆದೆ ನೋಡಿಕೊಳ್ಳುವುದು" ಎಂದು ಸೇರಿಸಿದೆ.

ಅದೇ ವರ್ಷ ಎರಡು ಸಂಗತಿ ಒಟ್ಟಿಗೆ ಬಂದವು. ತೆರಕಣಾಂಬಿಯ ಶಾಲೆಗೆ ವಿಜ್ಞಾನ ಹೇಳಿಕೊಡುವವರು ಬೇಕು, ನಿಮ್ಮ ಮಗಳು ಬರುವುದಾದರೆ ತಿಂಗಳ ಕೊನೆಯವರೆಗೆ ಕಾಯುತ್ತೇನೆ ಎಂದು ಅಲ್ಲಿನ ಹೆಡ್‌ಮಾಸ್ತರರು ಅಪ್ಪನಿಗೆ ಹೇಳಿಕಳುಹಿಸಿದರು. ತೆರಕಣಾಂಬಿ ನಮ್ಮೂರಿನಿಂದ ಏಳು ಮೈಲಿ. ಬಸ್ಸು ಬರುವ ಹೊತ್ತಿಗೂ ಶಾಲೆಯ ಗಂಟೆಗೂ ಹೊಂದುತ್ತಿರಲಿಲ್ಲ. ಕಾರೇ ಆಗಬೇಕು. ಆದರೆ ಅಷ್ಟರಲ್ಲಿ ಮಾದಪ್ಪಣ್ಣನ ಎರಡೂ ಕಣ್ಣಿಗೆ ಪೊರೆ ಕವಿಯತೊಡಗಿತ್ತು. ಒಂದು ಸಂಜೆ ಮೈಲಿಕಲ್ಲಿಗೆ ಹಾರ್ನು ಹೊಡೆದು ಪಕ್ಕಕ್ಕೆ ಸರಿಯಲೆಂದು ಕಾದ. ಮರುದಿನ ತಾನೇ ಅಪ್ಪನ ಮುಂದೆ ಬಂದು, ಇನ್ನು ಕುದೇರಿನಲ್ಲಿ ಮಗನ ಮನೆಯಲ್ಲಿರುತ್ತೇನೆ ಎಂದ.

ಅಪ್ಪ ನನ್ನನ್ನು ಕರೆದು ಹೇಳಿದರು: "ಲೈಸೆನ್ಸ್ ತಗೊಂಡು ಬಾ. ಕಾರೂ ನಿಂದು, ಕೆಲಸಾನೂ ನಿಂದು. ಇಲ್ಲದಿದ್ರೆ ಕಾರು ಕೊಟ್ಬಿಡ್ತೀನಿ. ಸುಮ್ನೆ ನಿಂತ್ಕೊಂಡು ತುಕ್ಕು ಹಿಡಿಯೋದು ಬೇಡ." ಕೊನೆಯ ಮಾತು ಕಾರಿಗೆ ಹೇಳಿದ್ದೇ. ನನಗೂ ತಾಗಿತು.

ಲೈಸೆನ್ಸ್ ಪರೀಕ್ಷೆ ಮಾಡುವ ಬ್ರೇಕ್ ಇನ್ಸ್‌ಪೆಕ್ಟರು ತಿಂಗಳಿಗೆ ಒಂದು ದಿನ ಮೈಸೂರಿನಿಂದ ಚಾಮರಾಜನಗರದ ಸರ್ಕಾರಿ ಬಂಗಲೆಗೆ ಬರುತ್ತಿದ್ದರು. ಮಧ್ಯಾಹ್ನ ಮೂರರ ರೈಲಿಗೆ ಹಿಂದಿರುಗುತ್ತಿದ್ದರು. ಆ ದಿನ ತಪ್ಪಿದರೆ ಮುಂದಿನ ತಿಂಗಳು. ಮುಂದಿನ ತಿಂಗಳ ಹೊತ್ತಿಗೆ ಶಾಲೆಯ ಜಾಗ ಇರುವುದಿಲ್ಲ, ಕಾರೂ ಇರುವುದಿಲ್ಲ. ಲೆಕ್ಕ ಸ್ಪಷ್ಟವಾಗಿತ್ತು.

ಆ ಬೆಳಿಗ್ಗೆ ನಾನು ನೋಟುಪುಸ್ತಕ ಹಿಡಿದು ಅಂಗಳದಲ್ಲಿ ಓಡಾಡುತ್ತಿದ್ದೆ. ಅಜ್ಜಿ ಲಿಂಗಪೂಜೆ ಮುಗಿಸಿ, ಗಿಂಡಿ ಹಿಡಿದು ಬಾಗಿಲಿಗೆ ಬಂದು, "ತೀರ್ಥ ತಕ್ಕೊ ಬಾ ಅಮ್ಮಿ," ಎಂದಳು. ಲಿಂಗದ ಮೇಲೆ ಎರೆದ ನೀರನ್ನು ಮನೆಯವರೆಲ್ಲ ಅಂಗೈಯಲ್ಲಿ ಹಿಡಿದು ಕುಡಿಯುವುದು ನಮ್ಮ ಮನೆಯ ದಿನದ ಮೊದಲ ಕೆಲಸ. "ಆಮೇಲೆ ಅಜ್ಜಿ, ಈಗ ಹೊತ್ತಾಯ್ತು," ಎಂದೆ. ಅವಳು ಇನ್ನೊಮ್ಮೆ ಕರೆಯಲಿಲ್ಲ. ಚಾಮರಾಜನಗರದಲ್ಲಿದ್ದ ತನ್ನ ತಂಗಿಯನ್ನು ನೋಡಿಬರಲು ಅವಳೂ ಹೊರಟಿದ್ದಳು. ಪರಸ್ಥಳಕ್ಕೆ ಹೋಗುವಾಗಲೆಲ್ಲ ಪೂಜೆಗೆಂದು ಗಿಂಡಿಯನ್ನು ಬಟ್ಟೆಯಲ್ಲಿ ಸುತ್ತಿ ಜೊತೆಗೆ ಒಯ್ಯುವುದು ಅವಳ ಪದ್ಧತಿ.

ನಾನು ಸ್ಟಿಯರಿಂಗಿಗೆ, ಮಾದಪ್ಪಣ್ಣ ಪಕ್ಕಕ್ಕೆ, ಅಜ್ಜಿ ಹಿಂದಕ್ಕೆ. ಹತ್ತು ಗಂಟೆಗೆ ಊರು ಬಿಟ್ಟೆವು. ತೆರಕಣಾಂಬಿ ದಾಟುವಾಗ ಶಾಲೆಯ ಹೆಂಚಿನ ಮಾಡು ಕಂಡಿತು. ನೋಡಿಯೂ ನೋಡದವಳಂತೆ ಮುಂದೆ ಹೋದೆ. ಅಲ್ಲಿಂದ ಸ್ವಲ್ಪ ದೂರದಲ್ಲಿ ಒಂದು ಏರು. ಏರಿನ ನಡುವೆ ಎಂಜಿನ್ನು ಎರಡು ಸಲ ಕೆಮ್ಮಿತು, ಒಮ್ಮೆ ಜಗ್ಗಿತು, ನಿಂತಿತು.

ಕಾಲ್ಬ್ರೇಕು ಹಿಡಿಯಿತು. ಕೈಬ್ರೇಕು, ಎಂದಿನಂತೆ, ಹಿಡಿದ ಹಾಗೆ ಮಾಡಿತು. ಹಿಂದೆ ಕಡಲೆಕಾಯಿ ಮೂಟೆ ಹೇರಿದ ಎತ್ತಿನ ಗಾಡಿ ಬರುತ್ತಿತ್ತು. ಕಾರನ್ನು ಬ್ರೇಕಿನ ಮೇಲೇ ಗೇಣು ಗೇಣಾಗಿ ಹಿಂದಕ್ಕೆ ಬಿಟ್ಟು, ಸ್ಟಿಯರಿಂಗ್ ತಿರುಗಿಸಿ, ಹಿಂದಿನ ಚಕ್ರವನ್ನು ರಸ್ತೆಯಂಚಿನ ದಿಬ್ಬಕ್ಕೆ ಒರಗಿಸಿದೆ. ಮಾದಪ್ಪಣ್ಣ ಇಳಿದು ಚಕ್ರಕ್ಕೆ ಮರದ ತುಂಡು ಅಡ್ಡ ಕೊಟ್ಟ. ಗಾಡಿಯವನು ಪಕ್ಕಕ್ಕೆ ಬಂದು ನಿಲ್ಲಿಸಿದ.

"ಎತ್ತು ಬೇಕೇನವ್ವ? ಎರಡವೆ, ಎರಡೂವೆ ಕೊಟ್ಟೇನು."

"ನಿನ್ ಎತ್ತಿಗೆ ಇಂಗ್ಲಿಸ್ ಬರಾಕಿಲ್ಲ, ಇದು ಮಾತ ಕೇಳಾಕಿಲ್ಲ. ಓಗ್ಲಾ," ಎಂದ ಮಾದಪ್ಪಣ್ಣ. ಗಾಡಿ ನಗುತ್ತಾ ಮುಂದೆ ಹೋಯಿತು. ಗಾಡಿ ನಕ್ಕಿತೆಂದು ಬರೆದದ್ದು ತಪ್ಪಲ್ಲ, ಆ ಗಾಲಿಗಳ ಕೀರಲು ನನಗೆ ಹಾಗೇ ಕೇಳಿತು.

ನಾನು ಇಳಿದು ನೇರ ಬಾನೆಟ್ಟಿಗೆ ಕೈ ಹಾಕಿದೆ.

"ಕೈ," ಎಂದ ಮಾದಪ್ಪಣ್ಣ.

ಕಟ್ಟಿಕೊಂಡೆ. ಹತ್ತು ಎಣಿಸಿದೆ. ನನ್ನ ಗಡಿಯಾರ ಹನ್ನೊಂದು ತೋರಿಸುತ್ತಿತ್ತು.

"ಬೆಂಕಿ ಅದಾ?"

ಒಂದು ಪ್ಲಗ್ಗು ಬಿಚ್ಚಿ, ಎಂಜಿನ್ನಿಗೆ ತಾಗಿಸಿ ಇಟ್ಟು, ಕಾರಿನ ಮೂತಿಗೆ ತೂರಿಸಿ ಎಂಜಿನ್ನು ಎಬ್ಬಿಸುವ ಹ್ಯಾಂಡಲ್ ತಿರುಗಿಸಲು ಮಾದಪ್ಪಣ್ಣನಿಗೆ ಹೇಳಿದೆ. ಬಿಸಿಲಿನಲ್ಲಿ ಕಿಡಿ ಕಂಡೂ ಕಾಣದಂತಿತ್ತು. "ಇದೆ ಅನ್ಸುತ್ತೆ," ಎಂದೆ. "ಅನ್ಸುತ್ತೆ ಅಂದ್ರೆ ಇಲ್ಲ ಅಂತ್ಲೇಯ," ಎಂದು ಅವನು ಉಳಿದ ಪ್ಲಗ್ಗುಗಳನ್ನೂ ಬಿಚ್ಚಿಸಿದ, ಒರೆಸಿಸಿದ, ಉಜ್ಜಿಸಿದ. ವೈರುಗಳನ್ನು ಒಂದೊಂದಾಗಿ ತಾನೇ ತಡವಿ ನೋಡಿದ. ಕಿಡಿ ಚೆನ್ನಾಗಿಯೇ ಇತ್ತು. ಎಂಜಿನ್ನು ಮಾತ್ರ ಏಳಲಿಲ್ಲ. ಗಂಟೆ ಹನ್ನೆರಡೂಕಾಲು.

"ಎರಡನೇ ಪ್ರಶ್ನೆ, ಮಾದಪ್ಪಣ್ಣ. ಪೆಟ್ರೋಲ್‌ನಲ್ಲಿ ಏನಾದ್ರೂ ಸೇರಿರಬಹುದಾ? ಕೆಮ್ಮಿದ ಸದ್ದು ಹಾಗೇ ಇತ್ತು."

"ಎಣ್ಣೇಲಿ ಏನಿದ್ದದು? ನಾನೇ ಸೋಸಿ ಹಾಕಿವ್ನಿ. ನನ್ ಕೈಯಾಗೆ ನೀರು ಓಗಾಕಿಲ್ಲ. ಆ ಮಾತು ಬುಡಿ."

ಅವನ ಮಾತಿಗೆ ಎದುರಾಡಿ ನನಗೆ ಅಭ್ಯಾಸವಿರಲಿಲ್ಲ. ಪೆಟ್ರೋಲ್ ಪಂಪಿನ ಕೆಳಗೆ ಒಂದು ಗಾಜಿನ ಬಟ್ಟಲಿದೆ. ಎಂಜಿನ್ನಿಗೆ ಹೋಗುವ ಪೆಟ್ರೋಲು ಅದರಲ್ಲಿ ಒಂದು ಕ್ಷಣ ನಿಂತು ಹೋಗುತ್ತದೆ. ಬಗ್ಗಿ ಅದನ್ನು ಒರೆಸಿ ನೋಡಿದೆ. ತಳದಲ್ಲಿ, ಗಾಜಿನ ಮಣಿಗಳ ಹಾಗೆ, ಉರುಟಾಗಿ ಏನೋ ಹೊರಳುತ್ತಿತ್ತು.

"ನೀರಿದೆ," ಎಂದೆ.

"ಇಲ್ಲ ಕಣವ್ವ."

"ಇದೆ. ನಾನು ನೋಡ್ತಾ ಇದ್ದೀನಿ."

ಅವನು ಬಗ್ಗಿದ. ಬಟ್ಟಲಿಗೆ ಮೂಗು ತಾಗುವಷ್ಟು ಹತ್ತಿರ ಕಣ್ಣು ತಂದ. ಕಣ್ಣು ಕಿರಿದು ಮಾಡಿದ, ದೊಡ್ಡದು ಮಾಡಿದ. ಅವನಿಗೆ ಕಾಣುತ್ತಿಲ್ಲವೆಂದು ಗೊತ್ತಾದಾಗ ನನಗೆ ಹಿಂದಕ್ಕೆ ಸರಿಯಬೇಕೆನಿಸಿತು. ಸರಿಯಲಿಲ್ಲ. ಬಟ್ಟಲನ್ನು ಬಿಚ್ಚಿ ಅವನ ಬೆರಳನ್ನು ಹಿಡಿದು ತಳಕ್ಕೆ ಮುಟ್ಟಿಸಿದೆ. ಪೆಟ್ರೋಲಾದರೆ ಬೆರಳಿಗೆ ತಣ್ಣಗೆ ಹತ್ತಿ ಕೂಡಲೇ ಆರಿಹೋಗುತ್ತದೆ. ಅವನು ಬೆರಳನ್ನು ಗಾಳಿಗೆ ಹಿಡಿದು ಕಾದ. ಬೆರಳು ಆರಲಿಲ್ಲ.

"ನೀರೇ," ಎಂದ, ಮೆಲ್ಲಗೆ. ನನ್ನನ್ನು ನೋಡದೆ ಬಟ್ಟಲನ್ನು ಕೈಗೆ ತೆಗೆದುಕೊಂಡು ಅದರಲ್ಲಿದ್ದುದನ್ನು ರಸ್ತೆಗೆ ಚೆಲ್ಲಹೋದ.

"ಅಲ್ಲಿ ಚೆಲ್ಬ್ಯಾಡ ಕಣ ಮಾದಪ್ಪ. ಜನ ತುಳ್ದಾರು."

ಅಜ್ಜಿಯ ದನಿ. ಅಷ್ಟು ಹೊತ್ತೂ ಕಾರಿನೊಳಗೆ ಬಾಯಿ ಬಿಡದೆ ಕುಳಿತಿದ್ದವಳು ಕಿಟಕಿಯಿಂದ ಮುಖ ಹೊರಗಿಟ್ಟಿದ್ದಳು.

"ತುಳುದ್ರೆ ಏನ್ ದೊಡ್ಡವ್ವಾರೆ? ಕೆಟ್ ನೀರು."

"ಕೆಟ್ ನೀರಲ್ಲ," ಎಂದಳು ಅಜ್ಜಿ. "ತೀರ್ಥ ಅದು."

ಮಾದಪ್ಪಣ್ಣ ಬಟ್ಟಲನ್ನು ಹಿಡಿದ ಹಾಗೇ ನಿಂತ.

"ಏನ್ ಮಾಡ್ದೆ ಅಜ್ಜಿ?" ಎಂದೆ.

"ಕರು ಹುಟ್ದಾಗ ಬಾಯ್ಗೆ ತೀರ್ಥ ಬುಡಾಕಿಲ್ವಾ ನಾನು? ಇವತ್ತು ನೀನೂ ಪರೀಕ್ಸೆಗೆ ಓಗ್ತಿದ್ದೆ, ಇದೂ ಓಗ್ತಿತ್ತು. ನಿನ್ನ ಕರುದೆ, ನೀನು ಬರ್ನಿಲ್ಲ. ಇದ್ಕಾದ್ರೂ ಆಗ್ಲಿ ಅಂದ್ಬುಟ್ಟು ಇದ್ರ ಬಾಯ್ಗೆ ಬುಟ್ಟೆ. ಅದಾದ್ರೂ ಸುಮ್ಕೆ ಕುಡ್ಕತು."

ಕೋಪ ಬರಬೇಕಾಗಿತ್ತು. ಬಂತು ಕೂಡ. ಆದರೆ ಅದು ಹೊರಗೆ ಬರುವ ಮೊದಲೇ "ನಿನ್ನ ಕರುದೆ, ನೀನು ಬರ್ನಿಲ್ಲ" ಎಂಬುದು ಒಳಗೆ ಹೋಗಿ ಕುಳಿತಿತ್ತು. ಮಾದಪ್ಪಣ್ಣನ ಮುಖ ಮಾತ್ರ ಬೆಳಗಿತು. ನೀರು ಅವನ ಕೈಯಿಂದ ಹೋಗಿರಲಿಲ್ಲ.

"ಎಷ್ಟು ಹಾಕಿದೆ ಅಜ್ಜಿ? ಸರಿಯಾಗಿ ಹೇಳು."

ಅವಳು ಮಡಿಲಿನ ಬಟ್ಟೆಯ ಗಂಟು ಬಿಚ್ಚಿ ಗಿಂಡಿಯನ್ನು ಎತ್ತಿ ತೋರಿಸಿದಳು. "ಇದ್ರ ತುಂಬ. ಒಂದ್ ಗಿಂಡಿ."

ಆ ಇಡೀ ದಿನದಲ್ಲಿ ನನಗೆ ಸಿಕ್ಕಿದ ಒಂದೇ ಖಚಿತವಾದ ಅಳತೆ ಅದು. ವಿಜ್ಞಾನ ಓದಿದ್ದು ಅಲ್ಲಿ ಉಪಯೋಗಕ್ಕೆ ಬಂತು. ನೀರು ಪೆಟ್ರೋಲಿಗಿಂತ ಭಾರ, ತಳದಲ್ಲೇ ಇರುತ್ತದೆ. ಸಮದಾರಿಯಲ್ಲಿ ಸುಮ್ಮನೆ ಕುಳಿತಿದ್ದದ್ದು ಏರಿನಲ್ಲಿ ಹಿಂದಕ್ಕೆ ಸರಿದು ಪೈಪಿನ ಬಾಯಿಗೆ ಬಂದಿದೆ. ಟ್ಯಾಂಕಿನ ತಳದ ಬೋಲ್ಟು ಸಡಿಲಿಸಿದರೆ ಮೊದಲು ಬರುವುದು ನೀರೇ. ಒಂದು ಗಿಂಡಿ ಹೋಗಿದೆ, ಒಂದು ಗಿಂಡಿ ಬರಬೇಕು. ಗಿಂಡಿ ತುಂಬಿದ ಕೂಡಲೇ ಬೋಲ್ಟು ಬಿಗಿಯಬೇಕು.

"ಗಿಂಡಿ ಕೊಡು," ಎಂದೆ.

ಅಜ್ಜಿ ಹಿಂಜರಿದಳು. ಪೂಜೆಯ ಗಿಂಡಿ. ಅವಳು ಮದುವೆಯಾಗಿ ಬಂದಾಗ ತಂದದ್ದು. "ಅದಕ್ಕೆ ಎಣ್ಣೆ ನಾತ ಹತ್ಕಂಡ್ರೆ ಮತ್ತೆ ಪೂಜೆಗೆ ಬರಾಕಿಲ್ಲ," ಎಂದಳು.

"ಬೇರೆ ಪಾತ್ರೆ ಇಲ್ಲ ಅಜ್ಜಿ. ಇದು ಬಿಟ್ರೆ ನೆಲಕ್ಕೇ ಬಿಡಬೇಕು."

ಅವಳು ನನ್ನ ಮುಖ ನೋಡಿದಳು, ರಸ್ತೆಯನ್ನು ನೋಡಿದಳು. ಗಿಂಡಿಯನ್ನು ಹಣೆಗೆ ಮುಟ್ಟಿಸಿಕೊಂಡು ನನ್ನ ಕೈಗೆ ಕೊಟ್ಟಳು.

ಕಾರಿನ ಕೆಳಗೆ ಮಲಗಿದ್ದ ವಿಷಯವನ್ನು ನಾನು ಅಪ್ಪನಿಗೆ ಈವರೆಗೆ ಹೇಳಿಲ್ಲ. ಇಸ್ತ್ರಿ ಮಾಡಿದ ಬಿಳಿ ಸೀರೆ, ಕೆಂಪು ಮಣ್ಣು. ಬೋಲ್ಟು ಗಟ್ಟಿಯಾಗಿತ್ತು. ಸ್ಪ್ಯಾನರು ಎರಡು ಸಲ ಜಾರಿ ಬೆರಳಿನ ಗೆಣ್ಣಿನ ಚರ್ಮ ಕಿತ್ತಿತು, ಗಿಂಡಿಯ ಮೂತಿಗೆ ಬಡಿದು ಅದನ್ನು ಸೊಟ್ಟ ಮಾಡಿತು. ಮೂರನೆಯ ಸಲ ಬೋಲ್ಟು ಅಲುಗಿತು. ಸಣ್ಣಗೆ ಧಾರೆ ಇಳಿಯಿತು. ಗಿಂಡಿಯ ಕತ್ತಿನವರೆಗೆ ಬಂದಾಗ ಬಿಗಿದೆ. ಒಂದು ಬೆರಳಿನಷ್ಟು ಪೆಟ್ರೋಲೂ ಬಂದಿತ್ತು. ಕೆಳಗೆ ತೀರ್ಥ, ಮೇಲೆ ಪೆಟ್ರೋಲು, ಎರಡೂ ಬೇರೆ ಬೇರೆ.

ಗಾಜಿನ ಬಟ್ಟಲಿನದನ್ನೂ ಅದಕ್ಕೇ ಸೇರಿಸಿದ್ದಾಯಿತು. ಅಜ್ಜಿ ಗಿಂಡಿಯನ್ನು ಎರಡು ಕೈಯಲ್ಲಿ ಹಿಡಿದು ರಸ್ತೆ ಇಳಿದಳು. ಹೊಲದ ಆಚೆ ಒಂದು ಬೇವಿನ ಮರವಿತ್ತು. ಯಾರೂ ಕಾಲಿಡದ ಕಡೆ, ಮರದ ಬುಡಕ್ಕೆ ಎರೆಯಬೇಕು. ಉಳುಮೆ ಮಾಡಿದ ಹೊಲದಲ್ಲಿ ಎಪ್ಪತ್ತು ದಾಟಿದವಳ ನಡಿಗೆ. ತುಳುಕಬಾರದೆಂದು ಇನ್ನಷ್ಟು ನಿಧಾನ. ಗಂಟೆ ಒಂದಾಯಿತು. ಕೂಗಿ ಕರೆಯುವುದಕ್ಕೆ ಬಾಯಿಯವರೆಗೆ ಬಂತು. ಕೂಗಲಿಲ್ಲ. ಆ ಹೊತ್ತಿನಲ್ಲಿ ಪೈಪಿನ ತುದಿ ಬಿಚ್ಚಿ ಬಾಯಿಯಿಂದ ಊದಿದೆ, ಪೆಟ್ರೋಲು ನಾಲಿಗೆಗೆ ಹತ್ತಿ ಕಣ್ಣಲ್ಲಿ ನೀರು ಬಂತು, ಬಟ್ಟಲು ಒರೆಸಿ ಕೂರಿಸಿದೆ, ಪಂಪಿನ ಸನ್ನೆಯನ್ನು ಕೈಯಿಂದ ಒತ್ತಿ ಒತ್ತಿ ಬಟ್ಟಲು ತುಂಬಿಸಿದೆ. ಮಣಿಗಳಿಲ್ಲ. ಆ ಬೇವಿನ ಮರ ಈಗಲೂ ಇದೆ. ಚೆನ್ನಾಗಿಯೇ ಇದೆ.

ಮಾದಪ್ಪಣ್ಣ ಹ್ಯಾಂಡಲ್ ಹೊಡೆದ. ನಾಲ್ಕನೆಯ ಸಲಕ್ಕೆ ಎಂಜಿನ್ನು ಎದ್ದಿತು. ಅವನು ಹತ್ತಿ ಕುಳಿತು ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿ ಸದ್ದು ಕೇಳಿದ.

"ಕೆಮ್ಮು ಓಯ್ತು. ನಡೀರಿ," ಎಂದ. ಸ್ವಲ್ಪ ದೂರ ಹೋದ ಮೇಲೆ, "ನಿಮ್ ಕಣ್ಣಿಗೆ ನನ್ ಕಿವಿ ಸೇರುದ್ರೆ ಒಬ್ಬ ಒಳ್ಳೆ ಡ್ರೈವರ್ ಆಯ್ತಾನೆ," ಎಂದ.

ಅಜ್ಜಿಯನ್ನು ತಂಗಿಯ ಮನೆಗೆ ಬಿಡಲು ಹೊತ್ತಿರಲಿಲ್ಲ. ಕಡಲೆಕಾಯಿಯ ಗಾಡಿಯನ್ನು ಹಿಂದೆ ಹಾಕಿದೆವು. ಗಾಡಿಯವನು ಚಾಟಿ ಎತ್ತಿ ತೋರಿಸಿದ. ದಾರಿಯಲ್ಲಿ ಕುರಿಮಂದೆ ಎರಡು ಸಲ, ಮೆರವಣಿಗೆ ಹೊರಟ ಬಾತುಕೋಳಿಗಳು ಒಂದು ಸಲ. ಬಂಗಲೆಯ ಗೇಟಿನೊಳಗೆ ಕಾರು ನಿಲ್ಲಿಸಿದಾಗ ಎರಡೂವರೆ.

ಇನ್ಸ್‌ಪೆಕ್ಟರು ಜಟಕಾ ಹತ್ತುತ್ತಿದ್ದರು. ಒಂದು ಕಾಲು ಮೆಟ್ಟಿಲ ಮೇಲೆ, ಕೈಯಲ್ಲಿ ಕಾಗದಪತ್ರದ ಚೀಲ. ನನ್ನ ಸೀರೆಯನ್ನು, ಬೆರಳಿನ ರಕ್ತವನ್ನು ನೋಡಿದರು. "ಹನ್ನೆರಡಕ್ಕೆ ಬರಬೇಕಿತ್ತಲ್ಲಮ್ಮ. ಈಗ ನನಗೆ ರೈಲಿದೆ. ಮುಂದಿನ ತಿಂಗಳು ಬನ್ನಿ."

ಮುಂದಿನ ತಿಂಗಳು. ನಾನು ಸಾಮಾನ್ಯವಾಗಿ ಅಪರಿಚಿತರ ಮುಂದೆ ಎರಡು ವಾಕ್ಯಕ್ಕಿಂತ ಹೆಚ್ಚು ಮಾತಾಡುವವಳಲ್ಲ. ಆವತ್ತೂ ಎರಡೇ ವಾಕ್ಯ ಆಡಿದೆ.

"ಸ್ಟೇಷನ್‌ಗೆ ನಾನೇ ಬಿಡ್ತೀನಿ, ಸಾರ್. ಅದನ್ನೇ ಪರೀಕ್ಷೆ ಅಂತ ತಗೊಳ್ಳಿ."

ಅವರು ಗಡಿಯಾರ ನೋಡಿದರು. ಜಟಕಾದ ಕುದುರೆಯನ್ನು ನೋಡಿದರು, ಅದು ನಿಂತಲ್ಲೇ ನಿದ್ದೆಮಾಡುತ್ತಿತ್ತು. ಬಂದು ನನ್ನ ಪಕ್ಕ ಕುಳಿತರು. ಮಾದಪ್ಪಣ್ಣ ಹಿಂದೆ ಅಜ್ಜಿಯ ಪಕ್ಕ ಮುದುಡಿಕೊಂಡ.

ಪೇಟೆಯ ಬೀದಿ ಚೆನ್ನಾಗಿ ದಾಟಿತು. ಕೈ ತೋರಿಸಿದೆ, ಹಾರ್ನು ಹೊಡೆದೆ, ಗೇರು ಸದ್ದಿಲ್ಲದೆ ಬಿತ್ತು. ಸ್ಟೇಷನ್ನಿನ ರಸ್ತೆಗೆ ತಿರುಗಿದ ಮೇಲೆ ಎಂಜಿನ್ನು ಕೆಮ್ಮಿತು. ಒಮ್ಮೆ, ಮತ್ತೊಮ್ಮೆ. ಹಿಂದಿನಿಂದ ಮಾದಪ್ಪಣ್ಣ ಉಸಿರೆಳೆದುಕೊಂಡದ್ದು ಕೇಳಿಸಿತು. ಕ್ಲಚ್ ಒತ್ತಿ, ಇದ್ದ ಓಟದಲ್ಲೇ ಕಾರನ್ನು ಎಡಕ್ಕೆ ಹೊರಳಿಸಿ, ಸಮನಾದ ಜಾಗ ನೋಡಿ ನಿಲ್ಲಿಸಿದೆ. ಇಳಿದೆ. ಬಾನೆಟ್ಟಿನ ಮುಂದೆ ಕೈ ಕಟ್ಟಿಕೊಂಡು ನಿಂತೆ.

ಇನ್ಸ್‌ಪೆಕ್ಟರು ಇಳಿದು ಬಂದರು. "ಏನು ಮಾಡ್ತಿದ್ದೀರಿ?"

"ಹತ್ತು ಎಣಿಸ್ತಿದ್ದೀನಿ, ಸಾರ್."

ಎಣಿಸಿ ಮುಗಿಸಿದೆ. ಬಾನೆಟ್ಟು ಎತ್ತಿದೆ. ಬಟ್ಟಲಿನ ತಳದಲ್ಲಿ ಒಂದೇ ಒಂದು ಮಣಿ, ಟ್ಯಾಂಕಿನ ಯಾವ ಮೂಲೆಯಲ್ಲಿ ಅಡಗಿತ್ತೋ. ಬಟ್ಟಲು ಬಿಚ್ಚಿದೆ. ಚೆಲ್ಲಲು ಕೈ ಚಾಚಿದವಳು ಚೆಲ್ಲಲಿಲ್ಲ. ತಿರುಗಿ ನೋಡುವ ಮೊದಲೇ ಹಿಂದಿನ ಕಿಟಕಿಯಿಂದ ಅಜ್ಜಿಯ ಕೈ ಹೊರಗೆ ಬಂದಿತ್ತು. ಕೈಯಲ್ಲಿ ಗಿಂಡಿ.

"ಆ ಗಿಂಡಿ ಯಾಕೆ?" ಎಂದರು ಇನ್ಸ್‌ಪೆಕ್ಟರು.

"ತೀರ್ಥ ಕಣಪ್ಪ, ನಾನೇ ಹಾಕ್ದೋಳು. ತುಳೀಬಾರ್ದು," ಎಂದಳು ಅಜ್ಜಿ.

ಅವರು ತಮ್ಮ ಬೂಟುಗಾಲನ್ನು ಒಂದು ಹೆಜ್ಜೆ ಹಿಂದಕ್ಕೆ ತೆಗೆದುಕೊಂಡರು. ನಾನು ಬಟ್ಟಲನ್ನು ಗಿಂಡಿಗೆ ಬಗ್ಗಿಸಿ, ಒರೆಸಿ, ಕೂರಿಸಿ, ಪಂಪು ಒತ್ತಿ, ಹ್ಯಾಂಡಲನ್ನು ನಾನೇ ಹೊಡೆದೆ. ಎರಡನೆಯ ಸಲಕ್ಕೆ ಎಂಜಿನ್ನು ಎದ್ದಿತು.

ಸ್ಟೇಷನ್ನಿನಲ್ಲಿ ಹೊಗೆ ಕಾಣುತ್ತಿತ್ತು. ಇನ್ಸ್‌ಪೆಕ್ಟರು ಬಾನೆಟ್ಟಿನ ಮೇಲೆ ಕಾಗದ ಹರಡಿ ಬರೆಯತೊಡಗಿದರು. ಬಾನೆಟ್ಟು ನಡುಗುತ್ತಿದ್ದುದರಿಂದ ನನ್ನ ಹೆಸರಿನ ಅಕ್ಷರಗಳು ಈಗಲೂ ಆ ಲೈಸೆನ್ಸಿನಲ್ಲಿ ಚಳಿ ಹಿಡಿದ ಹಾಗೆ ಇವೆ.

"ರಿವರ್ಸ್ ತೋರಿಸಲಿಲ್ಲ ನೀವು," ಎಂದರು, ತಲೆಯೆತ್ತದೆ.

"ತೋರಿಸಲಾ, ಸಾರ್?"

"ಬೇಡ. ಮತ್ತೆ ಕೆಮ್ಮಿದರೆ ನನ್ನ ರೈಲು ಹೋಗುತ್ತೆ." ಸಹಿ ಹಾಕಿದರು. ಹೋಗುವಾಗ ಕಿಟಕಿಯ ಹತ್ತಿರ ಬಗ್ಗಿ, "ಇನ್ನು ಮೇಲೆ ಹಾಕಬೇಡಿ, ತಾಯಿ," ಎಂದರು.

"ಹಾಕಾಕಿಲ್ಲ ಕಣಪ್ಪ," ಎಂದಳು ಅಜ್ಜಿ. "ಇದ್ಕೆ ಹಾಕಾಕಿಲ್ಲ."

ಆ 'ಇದ್ಕೆ' ಎಂಬ ಮಾತನ್ನು ನಾನು ಆಗ ಗಮನಿಸಲಿಲ್ಲ.

ತಿಂಗಳು ಮುಗಿಯುವ ಮೊದಲು ಶಾಲೆಗೆ ಸೇರಿದೆ. ಮಾದಪ್ಪಣ್ಣನನ್ನು ಕುದೇರಿಗೆ ನಾನೇ ಬಿಟ್ಟುಬಂದೆ. ಅವನು ಚರ್ಮದ ತುಂಡನ್ನು ನಾಲ್ಕು ಮಡಿಕೆ ಮಾಡಿ ನನ್ನ ಕೈಗೆ ಕೊಟ್ಟು, ಕಾರಿನ ಮುಂದಿನ ದೀಪವನ್ನು ಒಮ್ಮೆ ತಡವಿ ಒಳಗೆ ಹೋದ. ಅಜ್ಜಿ ಗಿಂಡಿಯನ್ನು ಹುಣಿಸೆಹಣ್ಣು ಹಚ್ಚಿ ಮೂರು ಸಲ ಬೆಳಗಿದಳು, ಮೂಸಿ ನೋಡಿದಳು, ಡಬ್ಬಿಗೆ ಹಾಕು ಎಂದು ನನಗೆ ಕೊಟ್ಟಳು. ಪೂಜೆಗೆ ಅವಳ ತಂಗಿಯ ಮನೆಯಿಂದ ಬೇರೆ ಗಿಂಡಿ ಬಂತು.

ಕೆಲಸಕ್ಕೆ ಹೊರಟ ಮೊದಲ ದಿನ ಕಾರು ಚಾಲೂ ಮಾಡಿ ಕುಳಿತಿದ್ದೆ. ಅಜ್ಜಿ ಹೊಸ ಗಿಂಡಿ ಹಿಡಿದು ಕೊಟ್ಟಿಗೆಯ ಕಡೆ ಬಂದಳು. ನಾನು ಕಿಟಕಿಯಿಂದ ಹಿಂದಕ್ಕೆ ನೋಡಿದೆ, ಪೆಟ್ರೋಲಿನ ಮುಚ್ಚಳದ ಕಡೆ. ಅವಳು ಅತ್ತ ಹೋಗಲಿಲ್ಲ. ನನ್ನ ಬಾಗಿಲಿನ ಹತ್ತಿರ ಬಂದು ನಿಂತಳು. ಕರೆಯಲಿಲ್ಲ. ಗಿಂಡಿ ಬಗ್ಗಿಸುವುದಕ್ಕೆ ಕಾಯುತ್ತಿದ್ದಳು.

ಎಂಜಿನ್ನು ನಿಲ್ಲಿಸಿದೆ. ಅಂಗೈ ಚಾಚಿದೆ.

ನಾಲ್ಕು ವರ್ಷವಾಯಿತು. ಶಾಲೆಗೆ ಹೊತ್ತಾಗಿದ್ದರೂ, ಮಳೆಯಿದ್ದರೂ, ಮೊದಲು ಅಂಗೈ, ಆಮೇಲೆ ಹ್ಯಾಂಡಲು. ಒದ್ದೆ ಕೈಯನ್ನು ತಲೆಗೆ ಸವರಿಕೊಳ್ಳುವಾಗ ನಾನು ಮನಸ್ಸಿನಲ್ಲಿ ಹತ್ತರವರೆಗೆ ಎಣಿಸುತ್ತೇನೆ.